ನೈಟ್‌ನಲ್ಲಿ ಜಿ-ಎಚ್ ಯಾಕಿದೆ?

ಕಂಡಕ್ಟರ್ ‘ರೈಟ್ ರೈಟ್’ ಅಂದರೆ ಬಸ್ಸು ಹೊರಡುತ್ತೆ. ಸಿನಿಮಾ ಅಂದಮೇಲೆ ಒಂದು ಫೈಟ್ ಇರಲೇಬೇಕು. ನಮಗೆ ನೈಟ್ ಶಿಫ್ಟು, ಮನೆಯಲ್ಲಿ ‘ಲೈಟ್ ಆಫ್ ಮಾಡೋ’ ಅನ್ನೋ ಅಮ್ಮ, ಪಾರ್ಟಿ ಮುಗಿಯೋ ಹೊತ್ತಿಗೆ ಟೈಟ್ ಆಗಿರೋ ಗೆಳೆಯ. ಈ ಪದಗಳನ್ನೆಲ್ಲ ಕನ್ನಡದ್ದೇ ಅನ್ನುವಷ್ಟು ಸಲೀಸಾಗಿ ಬಳಸ್ತೀವಿ. ಇಂಗ್ಲಿಷಿನಲ್ಲಿ ಬರೆದು ನೋಡಿ. ಎಲ್ಲವೂ ಐದಕ್ಷರದವು, ಎಲ್ಲವೂ ಮುಗಿಯೋದು ಐ-ಜಿ-ಎಚ್-ಟಿ ಅಂತಲೇ. ಜೊತೆಗೆ ಬಲ ಅನ್ನೋ ಅರ್ಥದ ಮೈಟ್, ನೋಟ ಅನ್ನೋ ಅರ್ಥದ ಸೈಟ್ (ಬಡಾವಣೆಯ ಸೈಟಲ್ಲ, ಅದರ ಸ್ಪೆಲ್ಲಿಂಗೇ ಬೇರೆ), ಆಮೇಲೆ ಏಯ್ಟ್. ಒಟ್ಟು ಎಂಟು. ಕೊನೆಯದು ಮಾತ್ರ ಬರಹದಲ್ಲಿ ಒಂದೇ ಥರ, ಉಚ್ಚಾರದಲ್ಲಿ ಬೇರೆ.

ಮೊಬೈಲಿನಲ್ಲಿ ವರ್ಡಲ್ ಆಡುವವರಿಗೆ ಈ ಕುಟುಂಬದ ಪರಿಚಯ ಚೆನ್ನಾಗಿಯೇ ಇರುತ್ತೆ. ಜಾಶ್ ವಾರ್ಡಲ್ ಅನ್ನೋ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಸಂಗಾತಿ ಪಲಕ್ ಶಾಗಾಗಿ ಮಾಡಿದ ಆಟ ಅದು. 2021ರಲ್ಲಿ ಎಲ್ಲರಿಗೂ ಸಿಕ್ಕಿತು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಐದಕ್ಷರದ ಪದ ಊಹಿಸಬೇಕು, ಇರೋದು ಆರೇ ಅವಕಾಶ. ಮೊದಲು ‘ನೈಟ್’ ಹಾಕಿದಿರಿ, ಕೊನೆಯ ನಾಲ್ಕೂ ಅಕ್ಷರ ಹಸಿರಾದವು ಅಂದುಕೊಳ್ಳಿ. ಗೆದ್ದೆ ಅಂತ ಖುಷಿಪಡಬೇಡಿ. ಉಳಿದಿರೋ ಪದ ಏಳು, ಅವಕಾಶ ಐದು. ಒಂದೊಂದೇ ಹಾಕುತ್ತಾ ಹೋದರೆ ಸೋಲಬಹುದು. ಹಸಿರಾದ ಅಕ್ಷರ ಬಿಡುವಂತಿಲ್ಲ ಅನ್ನೋ ‘ಹಾರ್ಡ್ ಮೋಡ್’ನಲ್ಲಿ ಬೇರೆ ದಾರಿಯೂ ಇಲ್ಲ.

ಮಾಮೂಲಿ ಆಟದಲ್ಲಿ ದಾರಿ ಇದೆ. ಉತ್ತರ ಅಲ್ಲ ಅಂತ ಗೊತ್ತಿದ್ದೂ ‘ಫಿಲ್ಮ್ಸ್’ ಹಾಕಿ. ಎಫ್, ಎಲ್, ಎಂ, ಎಸ್ ನಾಲ್ಕನ್ನೂ ಒಂದೇ ಏಟಿಗೆ ಪರೀಕ್ಷಿಸಿದ ಹಾಗಾಯ್ತು. ನಾಲ್ಕೂ ಬೂದಿ ಬಣ್ಣ ಬಂದರೆ ಉಳಿಯೋದು ಏಯ್ಟ್, ರೈಟ್, ಟೈಟ್. ಈಗ ‘ಎಂಟರ್’ ಹಾಕಿ. ‘ಇ’ ಹಸಿರಾದರೆ ಏಯ್ಟ್, ‘ಆರ್’ ಹಳದಿಯಾದರೆ ರೈಟ್, ಎರಡೂ ಇಲ್ಲದಿದ್ದರೆ ಟೈಟ್. ನಾಲ್ಕನೇ ಸಾಲಿನಲ್ಲಿ ಆಟ ಖಲಾಸ್.

ಆಟ ಬಿಡಿ, ಅಸಲಿ ಪ್ರಶ್ನೆ ಬೇರೆ. ಉಚ್ಚಾರವೇ ಇಲ್ಲದ ಆ ಜಿ-ಎಚ್ ಅಲ್ಲಿ ಏನು ಮಾಡ್ತಿದೆ?

ಒಂದು ಕಾಲದಲ್ಲಿ ಅದಕ್ಕೆ ಉಚ್ಚಾರ ಇತ್ತು. ಹಳೆಯ ಇಂಗ್ಲಿಷಿನಲ್ಲಿ ರಾತ್ರಿಗೆ ಸುಮಾರಾಗಿ ‘ನಿಹ್ಟ್’ ಅಂತಿದ್ದರು, ನಡುವಿನ ‘ಹ್’ ಗಂಟಲಿನಿಂದ ಒರಟಾಗಿ ಬರುತ್ತಿತ್ತು. ಆ ಸದ್ದಿಗೆ ಮುಂದೆ ಲಿಪಿಕಾರರು ಜಿ-ಎಚ್ ಬರೆಯತೊಡಗಿದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಅಚ್ಚಾಗುತ್ತಾ ಸ್ಪೆಲ್ಲಿಂಗ್ ಗಟ್ಟಿಯಾಯಿತು, ಬಾಯಲ್ಲಿ ಆ ಸದ್ದು ಸವೆದುಹೋಯಿತು. ನಮ್ಮ ಕಸುಬಿನ ಮಾತಲ್ಲಿ ಹೇಳೋದಾದ್ರೆ ಇದು ಲೆಗಸಿ ಕೋಡ್. ಕೆಲಸ ಮಾಡಲ್ಲ, ಆದರೆ ತೆಗೆಯೋ ಧೈರ್ಯ ಯಾರಿಗೂ ಇಲ್ಲ. ಅದೂ ಸಾಲದು ಅಂತ ಕಾಪಿ-ಪೇಸ್ಟ್ ಬೇರೆ ಆಗಿದೆ. ಫ್ರೆಂಚ್ ಮೂಲದ ‘ಡಿಲೈಟ್’ನಲ್ಲಿ ಜಿ-ಎಚ್ ಇರಲೇ ಇಲ್ಲ, ‘ಲೈಟ್’ ನೋಡಿಕೊಂಡು ಆಮೇಲೆ ಸೇರಿಸಿದರು.

ಜರ್ಮನ್ನರು ಆ ಸದ್ದನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಅವರಿಗೆ ರಾತ್ರಿ ‘ನಾಖ್ಟ್’, ಎಂಟು ‘ಆಖ್ಟ್’. ಇನ್ನೂ ದೂರದ ನೆಂಟರು ಸಂಸ್ಕೃತದಲ್ಲಿದ್ದಾರೆ. ನೈಟ್‌ಗೆ ‘ನಕ್ತ’, ಏಯ್ಟ್‌ಗೆ ‘ಅಷ್ಟ’, ಹಗುರ ಅನ್ನೋ ಅರ್ಥದ ಲೈಟ್‌ಗೆ ‘ಲಘು’. ನಕ್ತದ ‘ಕ’, ಲಘುವಿನ ‘ಘ’ ಕುಳಿತಿರೋ ಜಾಗದಲ್ಲೇ ಇಂಗ್ಲಿಷಿನ ಜಿ-ಎಚ್ ಕುಳಿತಿದೆ. ನಮ್ಮ ‘ಎಂಟು’ ದ್ರಾವಿಡದ್ದು, ಅದಕ್ಕೆ ಈ ನಂಟಿಲ್ಲ.

ಕನ್ನಡದಲ್ಲೂ ಸದ್ದುಗಳು ಸವೆದಿವೆ. ಹಳಗನ್ನಡದ ‘ಪಾಲ್’ ಈಗ ಹಾಲು, ‘ಮೞೆ’ ಈಗ ಮಳೆ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಸದ್ದು ಹೋದಾಗ ಅಕ್ಷರವೂ ಹೋಯಿತು. ‘ೞ’ ಈಗ ವರ್ಣಮಾಲೆಯಲ್ಲಿಲ್ಲ. ಹಾಗಾಗಿಯೇ ಕನ್ನಡ ಓದಿ ಬೆಳೆದವರಿಗೆ ಬರೆದದ್ದನ್ನೆಲ್ಲ ಓದೋ ಅಭ್ಯಾಸ. ಅದು ದಡ್ಡತನ ಅಲ್ಲ, ಅಕ್ಷರವನ್ನು ನಂಬೋ ಶಿಸ್ತು.

ಇದನ್ನು ಇಷ್ಟು ಹೇಳೋಕೆ ಕಾರಣ ಇದೆ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಜನ ಮೀಟಿಂಗಿನಲ್ಲಿ ವಿಷಯ ಗೊತ್ತಿದ್ದೂ ಬಾಯಿ ಬಿಡಲ್ಲ, ಎಲ್ಲಿ ಒಂದು ಪದ ತಪ್ಪಾಗಿ ಹೇಳಿ ನಗೆಪಾಟಲಾಗ್ತೀವೋ ಅನ್ನೋ ಹೆದರಿಕೆ. ಸರಿಯಾದ ಉಚ್ಚಾರ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರಹಕ್ಕೂ ಬಾಯಿಗೂ ಹೊಂದಾಣಿಕೆ ತಪ್ಪಿದ್ದು ಇಂಗ್ಲಿಷಿನಲ್ಲಿ, ನಮ್ಮ ತಲೆಯಲ್ಲಲ್ಲ.

ನಿಮ್ಮ ಮನೆಯ ಪುಟಾಣಿ ‘ನಿಗ್‌ಹ್ಟ್’ ಅಂತ ಓದಿದರೆ ನಗಬೇಡಿ. ‘ಒಂದು ಕಾಲದಲ್ಲಿ ಅಲ್ಲಿ ಸದ್ದು ಇತ್ತು ಕಂದ, ಈಗ ನೈಟ್ ಅಂತಾರೆ’ ಅನ್ನಿ. ಆಮೇಲೆ ಉಳಿದ ಏಳು ಪದ ನೀನೇ ಹುಡುಕು ಅಂತ ಪೆನ್ಸಿಲ್ ಕೊಡಿ.