ಸೆಪ್ಟೆಂಬರ್ 17ಕ್ಕೆ ಜೀತ ಹೋಗಲಿಲ್ಲ

ಸೆಪ್ಟೆಂಬರ್ 17 ಬಂತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿಗಳಲ್ಲಿ ಬಾವುಟ ಏರುತ್ತದೆ. ಏರಲೇಬೇಕು. 1948ರಲ್ಲಿ ಹೈದರಾಬಾದ್ ನಿಜಾಮನ ಕೈಯಲ್ಲಿದ್ದ ಈ ನೆಲ ಭಾರತ ಒಕ್ಕೂಟಕ್ಕೆ ಸೇರಿದ್ದು ಸಣ್ಣ ಮಾತಲ್ಲ, ಅದಕ್ಕಾಗಿ ಸತ್ತವರ ಲೆಕ್ಕವೂ ಸಣ್ಣದಲ್ಲ. ಆದರೆ ಆ ಬಾವುಟದ ಕೆಳಗೆ ನಿಂತು ಮಾಡುವ ಭಾಷಣದಲ್ಲಿ ತಪ್ಪದೆ ಬರುವ ಒಂದು ಮಾತು ಕೇಳಿ ಕೇಳಿ ನನ್ನ ಸಹನೆ ತೀರಿದೆ. ರಜಾಕಾರರು ಹೋದರು, ನಿಜಾಮ ಹೋದ, ಅವರ ಬೆನ್ನಿಗೇ ಬಿಟ್ಟಿ ಚಾಕರಿ, ಜೀತ, ಗುಲಾಮಗಿರಿ ಎಲ್ಲ ಹೋಯಿತು ಎಂಬ ಮಾತು ಅದು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಮಕ್ಕಳಲ್ಲಿ ಕೆಲವರ ಅಜ್ಜಂದಿರು ಆ ದಿನದ ನಂತರವೂ ಸಾಲಕ್ಕೆ ಒತ್ತೆ ಬಿದ್ದು ದುಡಿದವರು.

ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರು ಹೋದದ್ದು ನಿಜ. ನಿಜಾಮ ಎಲ್ಲಿಗೂ ಹೋಗಲಿಲ್ಲ. ಮೀರ್ ಉಸ್ಮಾನ್ ಅಲಿ ಖಾನ್ 1950ರ ಜನವರಿ 26ರಿಂದ 1956ರಲ್ಲಿ ರಾಜ್ಯ ಒಡೆಯುವವರೆಗೂ ಅದೇ ಹೈದರಾಬಾದಿನ ರಾಜಪ್ರಮುಖನಾಗಿದ್ದ, ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನವನ್ನೂ ಪಡೆಯುತ್ತಿದ್ದ. ಇನ್ನು ಜೀತ? ಅದು ನಿಜಾಮನ ಅರಮನೆಯಿಂದ ಬಂದದ್ದಲ್ಲ, ಅರಮನೆ ಸೋತ ಮಾತ್ರಕ್ಕೆ ಹೋಗುವಂಥದ್ದೂ ಆಗಿರಲಿಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿ ಇದಕ್ಕೆ ಎರಡು ಮುಖ ಇದ್ದವು. ಒಂದು, ಬಿಟ್ಟಿ ಚಾಕರಿ. ತೆಲಂಗಾಣದಲ್ಲಿ ಅದನ್ನು ವೆಟ್ಟಿ ಎನ್ನುತ್ತಿದ್ದರು. ಅಧಿಕಾರಿ ಮುಕ್ಕಾಂ ಹೂಡಿದರೆ ಸಾಮಾನು ಹೊರುವುದು, ಗೌಡರ ಮನೆಗೆ ಕಟ್ಟಿಗೆ ಒಡೆಯುವುದು, ಸತ್ತ ದನ ಎಳೆಯುವುದು, ಊರಿಂದೂರಿಗೆ ಕಾಗದ ಒಯ್ಯುವುದು. ಯಾವ ಜಾತಿ ಯಾವ ಕೆಲಸವನ್ನು ಕೂಲಿಯಿಲ್ಲದೆ ಮಾಡಬೇಕೆಂಬುದು ಹುಟ್ಟುವಾಗಲೇ ನಿಗದಿಯಾಗಿರುತ್ತಿತ್ತು. ಇನ್ನೊಂದು ಭಾಗೇಲ, ಅಂದರೆ ಸಾಲದ ಜೀತ. ಮಗಳ ಮದುವೆಗೋ ಬರಗಾಲದ ಜೋಳಕ್ಕೋ ಒಬ್ಬ ಸಾಲ ತೆಗೆಯುತ್ತಾನೆ. ತೀರುವವರೆಗೆ ಸಾಲ ಕೊಟ್ಟವನ ಹೊಲ, ಕೊಟ್ಟಿಗೆ, ಕಣ ಎಲ್ಲೆಡೆ ದುಡಿಯಬೇಕು. ಜ್ವರ ಬಂದು ಮಲಗಿದ ದಿನ ಲೆಕ್ಕಕ್ಕೆ ಸೇರುತ್ತದೆ, ಕೂರಿಗೆ ಮುರಿದರೆ ಲೆಕ್ಕಕ್ಕೆ ಸೇರುತ್ತದೆ, ಹಬ್ಬಕ್ಕೆ ಕೊಟ್ಟ ಹಳೆ ಧೋತರವೂ ಲೆಕ್ಕಕ್ಕೆ ಸೇರುತ್ತದೆ. ಬರೆಯುವವನು ಸಾಹುಕಾರನ ಕಡೆಯವನು. ಕೆಳಗೆ ಹೆಬ್ಬೆಟ್ಟು ಒತ್ತುವವನಿಗೆ ಅಕ್ಷರ ಬಾರದು. ಯುಗಾದಿಯಿಂದ ಯುಗಾದಿಗೆ ಸಾಲ ಕರಗುವ ಬದಲು ಬೆಳೆಯುತ್ತದೆ. ಅಪ್ಪ ಸತ್ತರೆ ಮಗ ದನ ಕಾಯಲು ನಿಲ್ಲುತ್ತಾನೆ.

ಇದು ಗುಟ್ಟಿನ ಸಂಗತಿಯೇನೂ ಆಗಿರಲಿಲ್ಲ. ನಿಜಾಮ ಸರ್ಕಾರವೇ 1936ರಲ್ಲಿ ಭಾಗೇಲ ಕರಾರುಗಳಿಗೆ ಮಿತಿ ಹಾಕುವ ಕಾನೂನು ತಂದಿತ್ತು. ಅಂದರೆ ಜೀತ ಇತ್ತು, ಅದು ಸರ್ಕಾರಕ್ಕೆ ಗೊತ್ತಿತ್ತು. ಕಾನೂನು ಕಾಗದದಲ್ಲೇ ಉಳಿಯಿತೆಂಬುದು ಬೇರೆ ಮಾತು. ಹಳ್ಳಿಯಲ್ಲಿ ಕಾನೂನು ಜಾರಿ ಮಾಡಬೇಕಾದ ಗೌಡ, ಕುಲಕರ್ಣಿ, ದೇಶಮುಖರೇ ಆಳುಗಳನ್ನು ಇಟ್ಟುಕೊಂಡವರು. ಅವರಲ್ಲಿ ಬಹುಪಾಲು ಜನ ಹಿಂದೂಗಳೇ. ಭಾಷಣಕಾರರ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಈ ಸಂಗತಿಯೇ.

ನಮ್ಮ ಪೂರ್ವದ ಗಡಿಯಾಚೆ ಏನು ನಡೆಯಿತೆಂದು ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಕೊಡಂಗಲ್, ತಾಂಡೂರು 1956ರವರೆಗೂ ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು, ತೆಲಂಗಾಣವೆಂದರೆ ಸೇಡಂ, ಚಿಂಚೋಳಿಯವರಿಗೆ ಬೀಗರ ಊರು. ಆ ತೆಲಂಗಾಣದ ನಲ್ಗೊಂಡ ಜಿಲ್ಲೆಯ ಕಡವೆಂಡಿಯಲ್ಲಿ 1946ರ ಜುಲೈ 4ರಂದು ದೊಡ್ಡಿ ಕೊಮರಯ್ಯ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದ್ದು ವಿಸ್ನೂರು ದೇಶಮುಖ ರಾಮಚಂದ್ರ ರೆಡ್ಡಿಯ ಕಡೆಯವರು. ಪಾಲಕುರ್ತಿಯ ಮಡಿವಾಳ ಹೆಣ್ಣುಮಗಳು ಚಾಕಲಿ ಐಲಮ್ಮ ತಾನು ಬೆಳೆದ ಬೆಳೆಗಾಗಿ ಎದುರು ನಿಂತದ್ದು ಅದೇ ದೇಶಮುಖನಿಗೆ. ವೆಟ್ಟಿಯ ವಿರುದ್ಧ, ಭೂಮಿಗಾಗಿ ರೈತರು ಬಂದೂಕು ಹಿಡಿದ ಆ ಸಂಘರ್ಷ 1951ರ ಅಕ್ಟೋಬರ್‌ವರೆಗೆ ನಡೆಯಿತು. ರಜಾಕಾರರು ಅಲ್ಲಿ ದೇಶಮುಖರ ಪರವಾಗಿ ಹಳ್ಳಿಗಳನ್ನು ಸುಟ್ಟರು. 1948ರ ನಂತರ ಬಂದ ಸೇನೆ ರಜಾಕಾರರನ್ನು ಅಡಗಿಸಿ ಅದೇ ರೈತರ ಮೇಲೆ ತಿರುಗಿತು, ಓಡಿಹೋಗಿದ್ದ ದೇಶಮುಖರು ಊರಿಗೆ ಮರಳಿದರು. ಸೆಪ್ಟೆಂಬರ್ 17 ಗುಲಾಮಗಿರಿಯ ಕೊನೆಯ ದಿನವಾಗಿದ್ದರೆ ಆ ಜನ ಮತ್ತೆ ಮೂರು ವರ್ಷ ಕಾಡಿನಲ್ಲಿ ಯಾಕೆ ಸಾಯಬೇಕಿತ್ತು?

ನಮ್ಮ ಭಾಗದಲ್ಲಿ ಅಂಥ ರೈತ ಬಂಡಾಯ ಎದ್ದಿರಲಿಲ್ಲ. ಇಲ್ಲಿನ ಹೋರಾಟ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನದು, ಸ್ವಾಮಿ ರಾಮಾನಂದ ತೀರ್ಥರದು, ಮುಂಡರಗಿ, ದುಧನಿಯಂಥ ಗಡಿ ಶಿಬಿರಗಳದು. ಒಕ್ಕೂಟಕ್ಕೆ ಸೇರಬೇಕು, ಜವಾಬ್ದಾರಿ ಸರ್ಕಾರ ಬೇಕು ಎಂಬುದು ಅದರ ಬೇಡಿಕೆ. ಅದಕ್ಕಾಗಿ ಜೈಲು ಕಂಡವರ, ಪ್ರಾಣ ಕೊಟ್ಟವರ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ ಆಳು ಆ ಹೋರಾಟದ ಬೇಡಿಕೆಪಟ್ಟಿಯ ಮೇಲ್ಸಾಲಿನಲ್ಲಿ ಇರಲಿಲ್ಲ. ಮುಂದಾಳುಗಳಲ್ಲಿ ಭೂಮಿ ಉಳ್ಳವರೂ ಇದ್ದರು, ಗೆದ್ದ ಮೇಲೆ ಅವರ ಭೂಮಿ ಅವರ ಬಳಿಯೇ ಉಳಿಯಿತು. 1949ರ ಆಗಸ್ಟ್ 15ರ ಕಾಯಿದೆ ಜಾಗೀರುಗಳನ್ನು ರದ್ದು ಮಾಡಿತು, ಜಾಗೀರುದಾರರಿಗೆ ಪರಿಹಾರವನ್ನೂ ಕೊಟ್ಟಿತು. ಜಾಗೀರಿನ ಹೊಲದಲ್ಲಿ ತಲೆಮಾರುಗಟ್ಟಲೆ ದುಡಿದವನಿಗೆ ಪರಿಹಾರ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬ್ರಿಟನ್ 1833ರಲ್ಲಿ ತನ್ನ ವಸಾಹತುಗಳ ಗುಲಾಮರನ್ನು ಬಿಡಿಸಿದಾಗಲೂ 2 ಕೋಟಿ ಪೌಂಡು ಕೊಟ್ಟದ್ದು ಒಡೆಯರಿಗೆ.

1950ರಲ್ಲಿ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. ಅದನ್ನು ಹಳ್ಳಿಗೆ ಇಳಿಸುವ ಕಾನೂನಿಗೆ ಇನ್ನೂ 25 ವರ್ಷ ಕಾಯಬೇಕಾಯಿತು. ಜೀತ ಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ, ತುರ್ತುಪರಿಸ್ಥಿತಿಯ ನಡುವೆ. 1976ರಲ್ಲಿ ಅದು ಕಾಯಿದೆಯಾಯಿತು. ಅದರಲ್ಲಿ ದೇಶದ ಮೂಲೆಮೂಲೆಯ ಜೀತದ ಹೆಸರುಗಳ ಪಟ್ಟಿಯೊಂದಿದೆ. ಬಿಡುವು ಮಾಡಿಕೊಂಡು ಓದಿ. ಭಾಗೇಲ ಇದೆ, ವೆಟ್ಟಿ ಇದೆ, ಜೀತ ಇದೆ, ಹೊಲೆಯ ಎಂಬ ಹೆಸರೂ ಇದೆ. 1948ರಲ್ಲೇ ಸತ್ತುಹೋದ ಪದ್ಧತಿಯನ್ನು ಸಂಸತ್ತು 28 ವರ್ಷ ಬಿಟ್ಟು ಹೆಸರು ಹಿಡಿದು ಯಾಕೆ ರದ್ದು ಮಾಡಬೇಕಿತ್ತು? ಭಾಷಣ ಬರೆದುಕೊಳ್ಳುವವರು ಈ ಒಂದು ಪುಟವನ್ನಾದರೂ ನೋಡಿಕೊಂಡರೆ ಸಾಕು.

ಗುಲಾಮಗಿರಿ ಅಮೆರಿಕದ್ದು, ಅಲ್ಲಿ ಅದಕ್ಕಾಗಿ ಯುದ್ಧವೇ ನಡೆಯಿತು, ನಮ್ಮಲ್ಲಿ ಅಂಥದ್ದು ಇರಲಿಲ್ಲ ಎನ್ನುವವರು ಇದರ ಬೆನ್ನಿಗೇ ಬರುತ್ತಾರೆ. ಮೊದಲು ಅಮೆರಿಕದ ಮಾತು. ಅಲ್ಲಿಯೂ ಇದೇ ಬಗೆಯ ಮರೆಮಾಚುವಿಕೆ ನಡೆದಿದೆ. ದಕ್ಷಿಣದ ರಾಜ್ಯಗಳು ಹೋರಾಡಿದ್ದು ತಮ್ಮ ಹಕ್ಕಿಗಾಗಿಯೇ ಹೊರತು ಗುಲಾಮಗಿರಿಗಾಗಿ ಅಲ್ಲ ಎಂದು ಅಲ್ಲಿನ ಎಷ್ಟೋ ಜನ ಇವತ್ತಿಗೂ ವಾದಿಸುತ್ತಾರೆ. 1861ರಲ್ಲಿ ಒಕ್ಕೂಟ ಬಿಟ್ಟ ಮಿಸಿಸಿಪ್ಪಿ ತನ್ನ ಘೋಷಣೆಯಲ್ಲೇ ಗುಲಾಮಗಿರಿಯನ್ನು ಕಾರಣವೆಂದು ಬರೆದಿಟ್ಟಿದೆ. ದಕ್ಷಿಣದವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಅದೇ ವರ್ಷ ಮಾರ್ಚ್‌ನಲ್ಲಿ ಕರಿಯರು ಬಿಳಿಯರಿಗೆ ಸಮನಲ್ಲ ಎಂಬುದೇ ತಮ್ಮ ಸರ್ಕಾರದ ಅಡಿಗಲ್ಲು ಎಂದು ಸಾರಿದ. ಬಾಯಿಬಿಟ್ಟು ಹೇಳಿದ್ದನ್ನೂ ಜನ ಇಲ್ಲವೆನ್ನುತ್ತಾರೆ. ಲಿಂಕನ್ ಒಂದೇ ದಿನದಲ್ಲಿ ಎಲ್ಲ ಗುಲಾಮರನ್ನು ಬಿಡಿಸಿದ ಎಂಬುದೂ ಸರಿಯಲ್ಲ. 1863ರ ಜನವರಿ 1ರ ಘೋಷಣೆ ದಂಗೆಯೆದ್ದ ಪ್ರದೇಶಗಳಿಗಷ್ಟೇ ಅನ್ವಯಿಸಿತ್ತು, ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿಯಂಥ ರಾಜ್ಯಗಳಿಗೆ ಅಲ್ಲ. ಪೂರ್ಣ ರದ್ದತಿಗೆ 1865ರ ಡಿಸೆಂಬರ್‌ನ 13ನೇ ತಿದ್ದುಪಡಿ ಬೇಕಾಯಿತು. ಅದಾದ ಮೇಲೂ ಬಿಡುಗಡೆಯಾದವರು ಭೂಮಿ ಸಿಗದೆ ಹಳೆಯ ಒಡೆಯರ ಹೊಲದಲ್ಲೇ ಪಾಲಿಗೆ ದುಡಿದು, ಅಂಗಡಿ ಸಾಲದಲ್ಲಿ ಸಿಕ್ಕಿಬಿದ್ದು, ಸಾಲದ ಆಳುಗಳಾದರು. ಆ ಕಥೆ ಚಿಂಚೋಳಿಯ ತೊಗರಿ ಹೊಲದಲ್ಲಿ ನಿಂತವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಇರಲಿಲ್ಲ ಎಂಬುದಕ್ಕೆ ಉತ್ತರ ಶಹಾಬಾದಿನ ಪಕ್ಕದಲ್ಲೇ ಇದೆ. ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮ ಮರತೂರಿನವನೆಂದು ನಾವೆಲ್ಲ ಎದೆ ತಟ್ಟಿ ಹೇಳುತ್ತೇವೆ. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದ ಆ ಗ್ರಂಥದ ದಾಯವಿಭಾಗವನ್ನು ಇಂದಿನ ವಕೀಲರೂ ಉಲ್ಲೇಖಿಸುತ್ತಾರೆ. ಅದೇ ಗ್ರಂಥದಲ್ಲಿ ನಾರದಸ್ಮೃತಿಯ ಆಧಾರದ ಮೇಲೆ 15 ಬಗೆಯ ದಾಸರ ವಿಚಾರವಿದೆ: ಮನೆಯ ದಾಸಿಗೆ ಹುಟ್ಟಿದವನು, ಕೊಂಡುತಂದವನು, ಯುದ್ಧದಲ್ಲಿ ಸೆರೆ ಸಿಕ್ಕವನು, ಪಣದಲ್ಲಿ ಗೆದ್ದವನು, ಒತ್ತೆಯಿಟ್ಟವನು, ಸಾಲದಿಂದ ದಾಸನಾದವನು. ಬರಗಾಲದಲ್ಲಿ ಅನ್ನ ಹಾಕಿ ಉಳಿಸಿಕೊಂಡವನು ಜೋಡಿ ದನ ಕೊಟ್ಟು ಬಿಡುಗಡೆಯಾಗಬೇಕು, ಸಾಲಕ್ಕೆ ಬಿದ್ದವನು ಬಡ್ಡಿಸಮೇತ ತೀರಿಸಬೇಕು. ಇಲ್ಲದ ಪದ್ಧತಿಗೆ ಬಿಡುಗಡೆಯ ದರವನ್ನು ಯಾರೂ ಗೊತ್ತುಮಾಡುವುದಿಲ್ಲ. ಹೆಮ್ಮೆಪಡುವ ಪುಸ್ತಕವನ್ನು ಪೂರ್ತಿ ಓದುವ ಧೈರ್ಯವೂ ಇರಬೇಕು.

ಇನ್ನು ಕೆಲವು ತಪ್ಪು ನಂಬಿಕೆಗಳು. 1948ರಲ್ಲಿ ಸಂಸ್ಥಾನವನ್ನು ಒಕ್ಕೂಟಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ನಡೆಸಿದ್ದು ಪೊಲೀಸರಲ್ಲ, ಸೇನೆ. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಟ್ಯಾಂಕುಗಳು ಸೊಲ್ಲಾಪುರದ ಕಡೆಯಿಂದ ಬಂದವು. ಮುಸ್ಲಿಮರೆಲ್ಲ ರಜಾಕಾರರ ಪರ ಇದ್ದರೆಂಬುದು ಸುಳ್ಳು. ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತಕ್ಕೆ ಸೇರುವುದೇ ಲೇಸೆಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ರಜಾಕಾರರು ಆತನ ಜೀವ ತೆಗೆದರು. ದಲಿತರೆಲ್ಲ ಒಂದೇ ಕಡೆ ಇದ್ದರೆಂಬುದೂ ಸುಳ್ಳು. ಅಂಬೇಡ್ಕರ್ ನಿಜಾಮನ ಪರ ನಿಲ್ಲಬೇಡಿ ಎಂದರು. ದಲಿತ ನಾಯಕ ಬಿ. ಶ್ಯಾಮಸುಂದರ್ ನಿಜಾಮನ ನಿಯೋಗದ ಜೊತೆ ವಿಶ್ವಸಂಸ್ಥೆಗೆ ಹೋದರು, 1968ರಲ್ಲಿ ಗುಲ್ಬರ್ಗಾದಲ್ಲೇ ಭೀಮಸೇನೆ ಕಟ್ಟಿದರು. ಊರ ಗೌಡನ ಬಿಟ್ಟಿ ಚಾಕರಿಗೆ ಸಿಕ್ಕವನು ದೂರದ ನವಾಬನಲ್ಲಿ ಆಸರೆ ಹುಡುಕಿದರೆ ಅದಕ್ಕೆ ಕಾರಣ ಊರೊಳಗೇ ಇತ್ತು.

ಹಿಂಸೆಯ ಲೆಕ್ಕವನ್ನೂ ಅರ್ಧಕ್ಕೆ ನಿಲ್ಲಿಸಬಾರದು. 1948ರ ಮೇನಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನೆನೆಯುತ್ತೇವೆ. ನೆನೆಯಬೇಕು. ಕಾರ್ಯಾಚರಣೆಯ ಹೊತ್ತಿನಲ್ಲಿ, ಅದರ ಬೆನ್ನಿಗೆ ಸತ್ತ ಮುಸ್ಲಿಮರ ಹೆಸರೆತ್ತುವವರು ಕಡಿಮೆ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಎಂದಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ನಮ್ಮ ಜಿಲ್ಲೆಯ ಹೆಸರು ಅದರಲ್ಲಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ.

ಜನರಿಗೆ ಬೇಕಾದದ್ದು ಒಬ್ಬ ಖಳ ಮತ್ತು ಒಂದು ತಾರೀಖು. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ಬರುತ್ತದೆ, ಹಿಂದೆ ನಗಾರಿ ಸದ್ದು, ಮುಂದೆ ರಜಾಕಾರನ ಚಿತ್ರ. ಓದಿದವರು, ಪಾಠ ಹೇಳುವವರು ಕೂಡ ಅದನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತಾರೆ. ಯಾವ ಊರು, ಯಾವ ವರ್ಷ, ಯಾರ ಹೊಲ, ಯಾರ ಸಾಲ ಎಂದು ಕೇಳುವವರಿಲ್ಲ. ಖಳ ಹೊರಗಿನವನಾಗಿದ್ದರೆ ಮನೆಯ ಹಳೆಯ ಟ್ರಂಕಿನಲ್ಲಿರುವ ಹೆಬ್ಬೆಟ್ಟಿನ ಕಾಗದಗಳನ್ನು ತೆಗೆದು ನೋಡಬೇಕಾಗಿಲ್ಲ. ಈ ಭಾಗದ ಎಷ್ಟೋ ಮನೆಗಳಲ್ಲಿ ಅಂಥ ಕಾಗದಗಳಿದ್ದವು, ಹೆಬ್ಬೆಟ್ಟು ಯಾರವೆಂದು ಮನೆಯವರಿಗೆ ಗೊತ್ತಿತ್ತು.

ಸರಪಳಿ ಇಲ್ಲದಿದ್ದರೆ ಜೀತವಲ್ಲ ಎಂಬ ನಂಬಿಕೆಯೂ ಇದೇ ಮರೆವಿನ ಕೂಸು. "ನಾವೇನ್ ಕಟ್ಟಿ ಹಾಕೀವೇನ್ರಿ? ಸಾಲ ಮುಟ್ಟಸಲಿ, ನಾಳಿಗೇ ಹೋಗಲಿ" ಎನ್ನುವವರು ತಮಗೆ ಗೊತ್ತಿಲ್ಲದೆಯೇ ಜೀತದ ವ್ಯಾಖ್ಯೆ ಹೇಳುತ್ತಿರುತ್ತಾರೆ. ಸಾಲ ಇರುವವರೆಗೆ ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಇಲ್ಲದಿದ್ದರೆ, ಕಾನೂನಿನ ಕಣ್ಣಿಗೆ ಅದೇ ಜೀತ. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ 23ನೇ ವಿಧಿಯ ಬಲವಂತದ ದುಡಿಮೆ ಎಂದಿತು. 1983ರ ಬಂಧುವಾ ಮುಕ್ತಿ ಮೋರ್ಚಾ ತೀರ್ಪು ಬಂದದ್ದು ಫರೀದಾಬಾದಿನ ಕಲ್ಲು ಗಣಿ ಕಾರ್ಮಿಕರ ವಿಷಯದಲ್ಲಿ. ಫರ್ಸಿ ಕಲ್ಲಿನ ಖಣಿಗಳಿರುವ ಶಹಾಬಾದ್, ವಾಡಿ, ಚಿತ್ತಾಪುರದವರು ಅದನ್ನು ದೂರದ ಸುದ್ದಿಯೆಂದು ಬಿಡಬಾರದು. ಮುಂಗಡ ತೆಗೆದುಕೊಂಡು ಮುಂಬೈ, ಪುಣೆಗೆ ಗುಳೆ ಹೋಗುವ ಚಿಂಚೋಳಿ ತಾಂಡಾಗಳ ಕುಟುಂಬಗಳೂ ಇದನ್ನು ತಿಳಿದಿರಬೇಕು.

1976ರ ಕಾಯಿದೆಯ 6ನೇ ಕಲಂ ಪ್ರಕಾರ ಜೀತದ ಸಾಲ ತೀರಿಸಬೇಕಾದ ಹೊಣೆಯೇ ಇಲ್ಲ, ಅದು ರದ್ದಾಗಿದೆ. 15ನೇ ಕಲಂ ಪ್ರಕಾರ ಅದು ಜೀತದ ಸಾಲವಲ್ಲವೆಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು, ದುಡಿಯುವವನಲ್ಲ. 16ನೇ ಕಲಂ ಜೀತಕ್ಕೆ ಹಚ್ಚಿದವನಿಗೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಬಿಡುಗಡೆಯಾದವರಿಗೆ ತಕ್ಷಣದ ನೆರವಾಗಿ 30,000 ರೂಪಾಯಿವರೆಗೆ ಸಿಗುತ್ತದೆ. ಪ್ರತಿ ಜಿಲ್ಲೆಗೂ ಪ್ರತಿ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕೆಂದು 13ನೇ ಕಲಂ ಹೇಳುತ್ತದೆ. ಉಪವಿಭಾಗಾಧಿಕಾರಿ ಕಚೇರಿ ಸೇಡಂನಲ್ಲಿಯೇ ಇದೆ. ಈ ಸಲ ಸೆಪ್ಟೆಂಬರ್ 17ರಂದು ಭಾಷಣ ಮಾಡುವವರು ಆ ಸಮಿತಿ ಕಳೆದ ವರ್ಷ ಎಷ್ಟು ಸಲ ಸೇರಿತ್ತು, ಎಷ್ಟು ಜನರನ್ನು ಬಿಡಿಸಿತು ಎಂಬುದನ್ನು ಕೇಳಿ ತಿಳಿದುಕೊಂಡು ವೇದಿಕೆ ಹತ್ತಲಿ.