ಕತ್ತು ನೋವಿನ ಜಾಡು ಹಿಡಿಯುವ ವಿದ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಒಣಗಿ ಆಗುವಂಥದ್ದು. ಕಾಯಿ ಮರದಿಂದ ಇಳಿದು ಮಾರುಕಟ್ಟೆ ಸೇರುವಷ್ಟರಲ್ಲಿ ಎಷ್ಟು ಜನರ ಕತ್ತು, ಹೆಗಲು ಸವೆದಿರುತ್ತವೋ! “ಕತ್ತು ಹಿಡ್ಕಂಡೈತೆ ಡಾಕ್ಟ್ರೇ, ಹೆಗಲೆಲ್ಲ ಸೆಳೀತದೆ” ಎಂದು ಬಂದವರಿಗೆ ಮಾತ್ರೆ ಬರೆದುಕೊಡುವುದು ಸುಲಭ. ಯಾವ ಕೆಲಸದ ಯಾವ ಗಳಿಗೆಯಲ್ಲಿ ನೋವು ಹುಟ್ಟುತ್ತದೆಂದು ಪತ್ತೆ ಹಚ್ಚುವುದು ಬೇರೆಯದೇ ವಿದ್ಯೆ.

ಸ್ಕ್ಯಾನಿಂಗ್ ಒಂದರಿಂದಲೇ ಇದು ತಿಳಿಯುವುದಿಲ್ಲ. ಜಪಾನಿನಲ್ಲಿ ಕತ್ತಿನ ತೊಂದರೆಯೇ ಇಲ್ಲದ 1,211 ಮಂದಿಗೆ ಎಂಆರ್‌ಐ ಮಾಡಿ ನೋಡಿದಾಗ, ಶೇ. 87.6ರಷ್ಟು ಜನರಲ್ಲಿ ಡಿಸ್ಕ್ ಉಬ್ಬಿತ್ತು. ಆ ಅಧ್ಯಯನ ಪ್ರಕಟವಾದದ್ದು 2015ರಲ್ಲಿ.

ಹಾಗಾಗಿ ಕೆಲಸವನ್ನೇ ನೋಡಬೇಕು. ಲಿನ್ ಮೆಕ್‌ಆಟಮ್ನಿ ಮತ್ತು ನೈಜೆಲ್ ಕಾರ್ಲೆಟ್ 1993ರಲ್ಲಿ ಪ್ರಕಟಿಸಿದ, ಕೆಲಸದ ಭಂಗಿ ಕೆಟ್ಟಷ್ಟೂ ಹೆಚ್ಚು ಅಂಕ ಕೊಡುವ ‘ರೂಲಾ’ ವಿಧಾನಕ್ಕೆ ಒಂದು ಹಾಳೆ, ಒಂದು ಪೆನ್ಸಿಲ್ಲು, ಪಳಗಿದ ಕಣ್ಣು ಸಾಕು. ಕತ್ತು 10 ಡಿಗ್ರಿಯೊಳಗೆ ಮುಂದಕ್ಕೆ ಬಾಗಿದರೆ 1 ಅಂಕ, 20ರವರೆಗೆ 2, ಅದನ್ನೂ ದಾಟಿದರೆ 3. ಹಿಂದಕ್ಕೆ ಬಾಗಿದರೆ ನೇರವಾಗಿ 4. ಪಕ್ಕಕ್ಕೆ ತಿರುಗಿದರೆ ಇನ್ನೊಂದು ಸೇರುತ್ತದೆ. ಬಿದಿರ ಗಳಕ್ಕೆ ಕುಡುಗೋಲು ಕಟ್ಟಿ, ತಲೆಯೆತ್ತಿ ಗೊನೆ ಹುಡುಕುವವನಿಗೆ 4. ಕಾಯಿ ಸುಲಿಯುವವನು ನೆಲದಲ್ಲಿ ನೆಟ್ಟ ಹಾರೆಯ ಮೊನೆಗೆ ಕಾಯಿ ಕುಕ್ಕಿ, ಮೈಭಾರ ಬಿಟ್ಟು ತಿರುಚುತ್ತಾನೆ. ಮಟ್ಟೆ ಬಿರಿಯುವ ಆ ಕ್ಷಣದಲ್ಲಿ ಕತ್ತು ಚೆನ್ನಾಗಿ ಬಗ್ಗಿ ಓರೆಯಾಗಿದ್ದರೆ ಅವನಿಗೂ 4. ಅಂಕ ಒಂದೇ, ಪರಿಹಾರ ಬೇರೆ. ಒಬ್ಬನಿಗೆ ಮರದಿಂದ ಮರಕ್ಕೆ ಹೋಗುವಾಗ ಕತ್ತಿಗೆ ಬಿಡುವು ಬೇಕು, ಇನ್ನೊಬ್ಬನಿಗೆ ಅವನ ಆಳ್ತನಕ್ಕೆ ಹೊಂದುವ ಹಾರೆ ಬೇಕು.

ಮರದಿಂದ ಬಿದ್ದಿದ್ದರೆ, ಕೈಯ ಹಿಡಿತ ಸೋಲುತ್ತಿದ್ದರೆ, ನಡಿಗೆ ತಪ್ಪುತ್ತಿದ್ದರೆ ಈ ಲೆಕ್ಕವೆಲ್ಲ ಆಮೇಲೆ, ಮೊದಲು ಆಸ್ಪತ್ರೆ.

ನನಗೆ ತುಂಬ ಹಿಡಿಸಿದ್ದು ಕೆನಡಾದ ಪಾಲ್ ಸ್ಟ್ರಾಟ್‌ಫರ್ಡ್ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ಅಳತೆ. ಕತ್ತು ನೋವಿನ ಹೆಸರಾಂತ ಪ್ರಶ್ನಾವಳಿಯೊಂದು ಕಾರು ಓಡಿಸಲು ಕಷ್ಟವೇ ಎಂದು ಕೇಳುತ್ತದೆ. ಕಾರಿಲ್ಲದ ಕೂಲಿಯವರು ಏನು ಹೇಳಬೇಕು? ಸ್ಟ್ರಾಟ್‌ಫರ್ಡ್ ಅಳತೆಯಲ್ಲಿ ಕಷ್ಟವಾಗುವ ಕೆಲಸವನ್ನು ರೋಗಿಯೇ ಹೆಸರಿಸಬೇಕು: ಕಾಯಿ ಸುಲಿಯುವುದು, ಚೀಲ ಹೊರುವುದು, ಸೊಂಟದ ಮೇಲೆ ಕೊಡ ಇಡುವುದು. ಆಗುವುದೇ ಇಲ್ಲವೆಂದರೆ 0, ಮೊದಲಿನಂತೆ ಆಗುತ್ತದೆಂದರೆ 10. ಕೆಲವು ವಾರ ವ್ಯಾಯಾಮ ಮಾಡಿಸಿದ ಮೇಲೆ ಅದನ್ನೇ ಮತ್ತೆ ಕೇಳುತ್ತಾರೆ. ಒಂದು ಕೆಲಸದಲ್ಲಿ 3 ಅಂಕ ಏರಿದರೆ ಗುಣ ಕಂಡಿದೆ ಎನ್ನಬಹುದು. ಒಂದು ಅಂಕದ ಏರಿಳಿತ ಆ ದಿನದ ಆಯಾಸದಿಂದಲೂ ಆಗಿರಬಹುದು. ಏನೂ ಏರದಿದ್ದರೆ ಚಿಕಿತ್ಸೆಯನ್ನೇ ಬದಲಿಸಬೇಕು.