ಊರಿಗೆ ಬರೆದಿಟ್ಟ ಆಸ್ತಿ

ಬೆಂಗಳೂರಿನ ಸಿಟಿ ರೈಲು ನಿಲ್ದಾಣದ ಎದುರಿಗಿರುವ ತೋಟದಪ್ಪನವರ ಛತ್ರ ಗೊತ್ತಿಲ್ಲದ ಹಳಬರು ಕಡಿಮೆ. 1838ರಲ್ಲಿ ಹುಟ್ಟಿದ ಗುಬ್ಬಿ ತೋಟದಪ್ಪ ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದವರು. ಊರೂರಿನಿಂದ ಬಂದಿಳಿಯುವವರಿಗೆ ತಂಗಲೊಂದು ಜಾಗ ಬೇಕೆಂದು 1897ರಲ್ಲಿ ರೈಲ್ವೆಯವರಿಂದ ನೆಲ ಕೊಂಡರು. ಅಲ್ಲಿ ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಜೊತೆಗೆ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಬಂತು.

ಛತ್ರ ಕಟ್ಟಿಸಿದವರು ನಾಡಿನಲ್ಲಿ ಅವರೊಬ್ಬರೇ ಅಲ್ಲ. ಹಳೆಯ ರಸ್ತೆಗಳ ಪಕ್ಕ ಎಷ್ಟೋ ಛತ್ರಗಳು ಹಂಚು ಕಳಚಿ, ಗೋಡೆಯಲ್ಲಿ ಅರಳಿಗಿಡ ಎದ್ದು ನಿಂತಿವೆ. ತೋಟದಪ್ಪನವರದು ಉಳಿದದ್ದಕ್ಕೆ ಕಾರಣ ಅವರ ವ್ಯಾಪಾರಿ ಬುದ್ಧಿ ಎನ್ನಬೇಕು. ಮಕ್ಕಳಿಲ್ಲದ ಅವರು ಆಸ್ತಿಯನ್ನು ಒಂದು ಟ್ರಸ್ಟಿಗೆ ಒಪ್ಪಿಸಿ, ಅದರ ಹೊಣೆಯನ್ನು ಆಡಳಿತದಲ್ಲಿ ಪಳಗಿದ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಿಗೆ ವಹಿಸಿದರು. 1910ರಲ್ಲಿ ತೋಟದಪ್ಪನವರು ತೀರಿಕೊಂಡರು, ಛತ್ರ ಮಾತ್ರ ನಿಲ್ಲದೆ ನಡೆಯಿತು.

ಉತ್ತರ ಕರ್ನಾಟಕದಲ್ಲಿ ಇಂಥದೇ ಹೆಸರು ಸಿರಸಂಗಿಯ ಲಿಂಗರಾಜ ದೇಸಾಯಿಯವರದು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮೊದಲು ಅವರು ಬರೆದಿಟ್ಟ ಮೃತ್ಯುಪತ್ರ ದೇಸಗತಿಯ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಮೀಸಲಿಟ್ಟಿತು. ಹೊಲಗಳ ಹುಟ್ಟುವಳಿ ವಿದ್ಯಾರ್ಥಿವೇತನವಾಯಿತು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಅವರದೇ ಹೆಸರು.

ದೇಸಾಯಿಯವರು ಯಾರಿಗೆ, ಯಾತಕ್ಕೆ ಎಂಬುದನ್ನು ಬಿಡಿಸಿ ಬರೆದಿದ್ದರು. ಅದರ ಬೆಲೆ ಗೊತ್ತಾಗುವುದು ಬೇರೊಬ್ಬರ ವಿಲ್‌ ಕುರಿತ ಮೊಕದ್ದಮೆಯಿಂದ. ಮುಂಬೈ ಕಡೆಯವರೊಬ್ಬರು ತಮ್ಮ ಆಸ್ತಿ ‘ಧರ್ಮ’ಕ್ಕೆ ಸಲ್ಲಲಿ ಎಂದಷ್ಟೇ ವಿಲ್ ಬರೆದಿದ್ದರು. ಧರ್ಮವೆಂದರೆ ಏನು ಬೇಕಾದರೂ ಆಗಬಹುದು, ಕೋರ್ಟು ಅದನ್ನು ನಡೆಸಿಕೊಡುವುದು ಹೇಗೆ ಎಂದು ಆಗ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1899ರಲ್ಲಿ ಆ ದತ್ತಿಯನ್ನೇ ಅಸಿಂಧು ಮಾಡಿತು. ಉದ್ದೇಶ ಒಳ್ಳೆಯದಿತ್ತು, ಬರವಣಿಗೆ ಸಾಲಲಿಲ್ಲ. ‘ನಮ್ಮೂರ ಶಾಲೆಯ ಬಡಮಕ್ಕಳ ಪುಸ್ತಕಕ್ಕೆ’ ಎಂದು ಬರೆದರೆ ಈ ತೊಡಕಿಲ್ಲ.

ಉಳಿದ ಕಾನೂನು ಜನ ಹೆದರುವಷ್ಟು ಕಠಿಣವಲ್ಲ. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮುಸ್ಲಿಮರನ್ನು ಬಿಟ್ಟು ಉಳಿದವರ ವಿಲ್‌ಗೆ ಬರೆದವರ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಸ್ವಯಾರ್ಜಿತ ಆಸ್ತಿಯನ್ನು ಹಿಂದೂಗಳು ಪೂರ್ತಿಯಾಗಿ ದತ್ತಿ ಬಿಡಬಹುದು. ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನಷ್ಟೆ. ಮುಸ್ಲಿಮರಿಗೆ, ವಾರಸುದಾರರು ಒಪ್ಪದಿದ್ದರೆ, ಮೂರನೆಯ ಒಂದು ಭಾಗದ ಮಿತಿಯಿದೆ. ದತ್ತಿಗೆ ವಿಲ್ ಬರೆಯಲು ಕ್ರೈಸ್ತರಿಗಿದ್ದ ವಿಶೇಷ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿತು. ಸಾರ್ವಜನಿಕ ಟ್ರಸ್ಟಿನ ಹಣ ದಾರಿ ತಪ್ಪಿದರೆ ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಊರಿನವರು ಇದನ್ನು ಬಳಸುವುದು ಅಪರೂಪ.

ಆಸ್ತಿಯನ್ನು ಊರಿಗೆ ಬಿಡಬೇಕೆಂದಿರುವವರು ವಕೀಲರ ಬಳಿ ಹೋಗುವ ಮೊದಲು ಮನೆಯವರ ಜೊತೆ ಮಾತಾಡಲಿ. ಹೊಣೆ ಹೊರಬೇಕಾದವರನ್ನೂ ಕರೆದು ಕೇಳಲಿ, ವಿಲ್ ಎಲ್ಲಿದೆ ಎಂದು ಹೇಳಿಡಲಿ. ಪೆಟ್ಟಿಗೆಯ ತಳದಲ್ಲಿ ಕಾಗದವಿದೆ ಎಂಬುದೇ ಯಾರಿಗೂ ತಿಳಿಯದಿದ್ದರೆ ಹೊಲ, ಮನೆ ಎಲ್ಲವೂ ವಾರಸುದಾರರ ಹೆಸರಿಗೆ ಖಾತೆಯಾಗಿಬಿಡುತ್ತವೆ.